ಅಜ್ಜಿ ಕೇಳಿದ ಪ್ರಶ್ನೆ

1999, ಜುಲೈ 19, ಸೋಮವಾರ. ಶಿರಾಲಿ

ಇವತ್ತೂ ನೋಟ್ಸ್. ಪಿರಿಯಡ್ ಪೂರ್ತಿ. ಬಸ್ಸು ಹೊನ್ನಾವರ ಮುಟ್ಟುವಷ್ಟರಲ್ಲಿ ಬೆಲ್ ಆಗಿಹೋಗಿತ್ತು. ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಹಾಜರಿ ಕೂಗಿ, ಹಾಳೆ ತೆರೆದೆ. “ಮೊದಲನೆಯದಾಗಿ, ಅಂಬಿಗನು ಪರೋಪಕಾರಿ. ಎರಡನೆಯದಾಗಿ...” ಹಾಳೆಗಳು ನಮ್ಮ ಕನ್ನಡ ವಿಭಾಗದ ಹಿರಿಯರು ಕೃಷ್ಣಾನಂದ ಸರ್ ಅವರವು. ಕಾಲೇಜಿಗೆ ಕರೆಂಟು ಬರುವ ಮೊದಲೇ ಬರೆದವು ಎಂದು ಹುಡುಗರ ತಮಾಷೆ.

ನನಗೆ ನೋಟ್ಸ್ ಹೇಳಿ ಬರೆಸುವುದು ಇಷ್ಟ. ಯಾಕೆಂದು ಇಲ್ಲಿಯಾದರೂ ಬರೆಯಬಹುದು — ಕಣ್ಣೆತ್ತಬೇಕಾಗಿಲ್ಲ. ಎದುರಿಗಿದ್ದವರೂ ತಲೆ ಬಗ್ಗಿಸಿರುತ್ತಾರೆ. ಯಾರೂ ಯಾರನ್ನೂ ನೋಡದೆ ಪಾಠ ಮುಗಿಯುತ್ತದೆ.

ಸಂಜೆ ಪ್ರಿನ್ಸಿಪಾಲರು ಕರೆದರು. ಕನ್ನಡದಲ್ಲಿ ಫೇಲಾದವರಿಗೆ ಕಾಲೇಜು ಬಿಟ್ಟ ಮೇಲೆ ಒಂದು ಕ್ಲಾಸು. ಅಕ್ಟೋಬರಿನಲ್ಲಿ ಕುಮಟಾ ಸೆಂಟರಿನಲ್ಲಿ ಪರೀಕ್ಷೆ. “ನೀವು ಹೊಸಬರು, ನೀವೇ ನೋಡಿ.” ಪಾರ್ಟ್‌ಟೈಮಿನವಳು ಬೇಡ ಎನ್ನುವುದು ಹೇಗೆ?

ಜುಲೈ 22, ಗುರುವಾರ

ಫೇಲಾದವರ ಕ್ಲಾಸು. ಕೊನೆಯ ಕೋಣೆ, ಸೋರುವ ಮೂಲೆ ಬಿಟ್ಟು ಒತ್ತೊತ್ತಾಗಿ ಕೂತಿದ್ದರು. ಬಾಡದಿಂದ ಬರುವ ಜಗದೀಶ ಎಲ್ಲರ ಪರವಾಗಿ ಮಾತಾಡುತ್ತಾನೆ. ಅವನ ಹಿಂದೆ ಮುರ್ಡೇಶ್ವರದ ದೀಕ್ಷಾ. ಅವಳು ಯಾರ ಪರವಾಗಿಯೂ ಮಾತಾಡುವುದಿಲ್ಲ, ತನ್ನ ಪರವಾಗಿ ಮೊದಲೇ ಇಲ್ಲ.

ಒಂದು ಪ್ರಶ್ನೆ ಕೊಟ್ಟು ಬರೆಸಿದೆ. ಅಂಬಿಗನ ತ್ಯಾಗವನ್ನು ಕುರಿತು ಬರೆಯಿರಿ — ವರ್ಷ ಬಿಟ್ಟು ವರ್ಷ ಬರುವ ಪ್ರಶ್ನೆ. ಪಾಠ ಇಷ್ಟೇ: ನೆರೆ. ಹೊಳೆ ನಡುವಿನ ದಿಬ್ಬದಲ್ಲಿ ಪರವೂರಿನ ಪ್ರಯಾಣಿಕರು ಸಿಕ್ಕಿಬಿದ್ದಿದ್ದಾರೆ. ಅಂಬಿಗನ ಸಣ್ಣ ಮಗನೂ ಅಲ್ಲೇ. ದೋಣಿಯಲ್ಲಿ ಎಲ್ಲರಿಗೂ ಜಾಗವಿಲ್ಲ. ಅಂಬಿಗ ಪ್ರಯಾಣಿಕರನ್ನು ಮೊದಲು ದಾಟಿಸುತ್ತಾನೆ. ತಿರುಗಿ ಬರುವಾಗ ದಿಬ್ಬವೇ ಇಲ್ಲ.

ದೀಕ್ಷಾ ಎಲ್ಲರಿಗಿಂತ ವೇಗವಾಗಿ ಶುರುಮಾಡಿದಳು. ಮೂರನೆಯ ಪಾಯಿಂಟಿಗೆ ಬಂದು ನಿಂತಳು. ಪೆನ್ನು ಕಾಗದದ ಮೇಲೆ ಎತ್ತಿ ಹಿಡಿದದ್ದು ಹಾಗೇ ಇತ್ತು, ಬೆಲ್ ಆಗುವವರೆಗೆ.

ಹಿಂದಿರುಗುವಾಗ ಒಂದೇ ಬಸ್ಸು, ಪಕ್ಕದ ಸೀಟು. ಮುಖ ನೋಡದೆ ಮಾತಾಡಬಹುದು ಅನ್ನುವುದು ಬಸ್ಸಿನ ಉಪಕಾರ.

“ಎಂತ ಆತು ದೀಕ್ಷಾ?”

“ಒಂದು ಸಾಲು ಬಿಟ್ಹೋತು ಮೇಡಂ.”

“ಅದನ್ನು ಬಿಟ್ಟು ಮುಂದಿನದು ಬರೆಯಬಹುದಿತ್ತಲ್ಲ?”

“ಅದು ಬಂದ್ರೆ ಮಾತ್ರ ಮುಂದಿನದು ಬರೂದು.” ಟಿಕೀಟು ಮಡಿಸುತ್ತಾ, “ಏಪ್ರಿಲಲ್ಲೂ ಹಿಂಗೇ ಆತು.”

ಮಂಕಿ ದಾಟಿದ ಮೇಲೆ ಉಳಿದದ್ದನ್ನು ಹೇಳಿದಳು. ಈ ಸಲವೂ ಹೋದರೆ ಅಪ್ಪ ಕಾಲೇಜು ಬಿಡಿಸುತ್ತಾನೆ. ಗೋವಾದ ಸಿಗಡಿ ಸುಲಿಯುವ ಕಂಪನಿಗೆ ಹುಡುಗಿಯರನ್ನು ತುಂಬಿಕೊಂಡು ಟೆಂಪೋ ಹೋಗುತ್ತದೆ. ದೊಡ್ಡಪ್ಪನ ಮಗಳು ಮಹಾಲಕ್ಷ್ಮೀ ಆಗಲೇ ಅಲ್ಲಿದ್ದಾಳೆ. “ಹೋದ ವರ್ಷ ಚೌತಿಗೆ ಬಂದಾಗ ಅವಳ ಕೈ ನೋಡಿದ್ದೆ. ಐಸಿಗೆ ಬೆರಳು ಬೆಳ್ಳಗೆ ಆಗ್ತದೆ ಮೇಡಂ.”

ಅವಳು ಇಳಿದ ಮೇಲೆ ಶಿರಾಲಿಯವರೆಗೂ ಅದೇ ಯೋಚನೆ. ಈ ಹುಡುಗಿಗೆ ಪಾಠ ಗೊತ್ತಿದೆ. ನೋಟ್ಸು ಅದರ ಮೇಲೆ ಕೂತಿದೆ.

ಜುಲೈ 27, ಮಂಗಳವಾರ

ಹಾಳೆಗಳನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.

ಹೇಳಿದೆ: ಇನ್ನು ನೋಟ್ಸ್ ಬರೆಸುವುದಿಲ್ಲ. ಪಾಠ ಕೇಳಿ, ಪುಸ್ತಕ ಮುಚ್ಚಿ. ಮನೆಗೆ ಹೋಗಿ ಯಾರಿಗಾದರೂ ಅದನ್ನು ನಿಮ್ಮ ಮನೆಯ ಮಾತಿನಲ್ಲೇ ಹೇಳಿ. ಕೇಳಿದವರು ಒಂದು ಪ್ರಶ್ನೆ ಕೇಳಬೇಕು. ಆ ಪ್ರಶ್ನೆಯನ್ನು ಇಲ್ಲಿಗೆ ತನ್ನಿ.

ಆಮೇಲೆ ಜಗದೀಶ, “ನಮ್ಮನೇಲಿ ಒಂದೇ ಪ್ರಶ್ನೆ ಕೇಳೂದು ಮೇಡಂ. ಊಟ ಆತಾ ಅಂತ.”

ಎಲ್ಲರೂ ನಕ್ಕರು. ನಾನೂ ನಗಬೇಕಿತ್ತು. ಬೋರ್ಡು ಒರೆಸಿದೆ.

ಜುಲೈ 30, ಶುಕ್ರವಾರ

ಯಾರೂ ತಂದಿಲ್ಲ. ಜಗದೀಶ ಎದ್ದು ನಿಂತ. “ಅಪ್ಪ ಕೇಳಿದ್ರು ಮೇಡಂ — ಇದಕ್ಕೆಲ್ಲ ಮಾರ್ಕ್ಸ್ ಅದೆಯಾ?”

ಮತ್ತೆ ನಗು. ಬ್ಯಾಗಿನೊಳಗಿನ ಹಾಳೆಗಳ ಮೇಲೆ ಕೈ ಇಟ್ಟಿದ್ದೆ. ತೆಗೆದುಬಿಡುವವಳೇ ಇದ್ದೆ. ಆಗ ಹಿಂದಿನ ಬೆಂಚಿನಿಂದ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ:

“ಅಜ್ಜಿ ಒಂದು ಕೇಳಿದ್ಲು.”

ದೀಕ್ಷಾ. ಬೆಂಚಿನ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಿದ್ದಳು.

“ಆ ಹುಡುಗನ ತಾಯಿ ಎಂತ ಹೇಳಿದ್ಲು ಅಂತ ಕೇಳಿದ್ಲು. ಗಂಡ ಬರೀ ದೋಣಿ ತಕ್ಕೊಂಡು ಮನೆಗೆ ಬಂದಾಗ.”

ಪುಸ್ತಕ ತೆರೆದು ನೋಡಿದೆ. ತಾಯಿ ಎಂಬ ಶಬ್ದ ಪಾಠದಲ್ಲಿ ಎಲ್ಲೂ ಇಲ್ಲ. ಇದೇ ಪಾಠ ಓದಿ ನಾನು ಪಾಸಾಗಿದ್ದೆ, ಇದನ್ನೇ ಬರೆಸಿದ್ದೆ. ಒಮ್ಮೆಯೂ ತೋಚಿರಲಿಲ್ಲ.

“ಬೈದಿರ್ತಾಳೆ” ಎಂದ ಒಬ್ಬ. “ಬೈಯೂಕೆ ಅವಳಲ್ಲಿ ಶಬ್ದ ಎಲ್ಲಿರ್ತದೆ ಮಾರಾಯ?” ಎಂದ ಜಗದೀಶ. “ಹಂಗಾದ್ರೆ ಅದು ತ್ಯಾಗವಾ, ಅಲ್ಲವಾ?” ಎಂದಳು ಇನ್ನೊಬ್ಬಳು. “ಮಗನನ್ನ ಯಾರೂ ಕೇಳಲೇ ಇಲ್ವಲ್ಲ.” ಜಗಳವೇ ಆಯಿತು. ಪ್ಯೂನು ಬಾಗಿಲು ಹಾಕಲು ಬಂದು ನಿಂತದ್ದು ಯಾರಿಗೂ ಗೊತ್ತಾಗಲಿಲ್ಲ.

ಗಮನಿಸಿದ್ದು — ಇಡೀ ಹೊತ್ತು ನಾನು ಅವರ ಮುಖ ನೋಡುತ್ತಿದ್ದೆ.

ಆಗಸ್ಟ್ 12, ಗುರುವಾರ

ಈಗ ಕ್ಲಾಸು ಶುರುವಾಗುವುದು ಹೀಗೆ: ಪುಸ್ತಕ ಮುಚ್ಚಿ ಒಬ್ಬರು ನಿನ್ನೆಯ ಪಾಠ ಹೇಳಬೇಕು. ತಡವರಿಸಿದಲ್ಲಿ ಉಳಿದವರು ಕೈಹಿಡಿಯಬೇಕು. ಆಮೇಲೆ ಮನೆಯ ಪ್ರಶ್ನೆಗಳು. ಜಗದೀಶನ ಅಪ್ಪ ಮಾರ್ಕ್ಸ್ ಬಿಟ್ಟು ಬೇರೆಯದನ್ನೂ ಕೇಳತೊಡಗಿದ್ದಾರೆ. ಜಗದೀಶ ಗೈಡನ್ನು ತಂಗಿಗೆ ಚಿತ್ರ ಅಂಟಿಸಲು ಕೊಟ್ಟೆ ಅಂದ. ಖುಷಿಯಾಯಿತು, ಭಯವೂ ಆಯಿತು.

ಆದರೆ ಎಲ್ಲರೂ ಕಾಯುವುದು ಅಜ್ಜಿಯದಕ್ಕೆ. ಅಜ್ಜಿ ಮೀನು ಮಾರುವವಳು, ಹೆಸರು ಕಮಲಿ. “ಇವತ್ತು ಕಮಲಿ ಅಜ್ಜಿ ಎಂತ ಕೇಳಿದ್ರು?” ಎಂದು ಜಗದೀಶ ಮೊದಲೇ ಕೂಗುತ್ತಾನೆ. ದೀಕ್ಷಾ ಹೇಳುತ್ತಾಳೆ. ಪ್ರಶ್ನೆಯನ್ನು ಕೊಡುವಾಗ ಅವಳ ಧ್ವನಿ ಕೂಡ ಬೇರೆ.

ಆಗಸ್ಟ್ 20, ಶುಕ್ರವಾರ

ಸ್ಟಾಫ್ ರೂಮಿನಲ್ಲಿ, ಚಹಾದ ಹೊತ್ತಿಗೆ. ಕೃಷ್ಣಾನಂದ ಸರ್:

“ಎಂತ ಮಾಲತಿಯವರೇ, ನಮ್ಮ ಸಿಲೆಬಸ್ಸನ್ನು ಈಗ ಮೀನುಪೇಟೆಯ ಅಜ್ಜಿ ಮಾಡೂದಂತೆ?”

ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡೆ. ಮಧ್ಯಾಹ್ನ ಪ್ರಿನ್ಸಿಪಾಲರ ಛೇಂಬರಿಗೆ ಕರೆ. ಒಬ್ಬ ಹುಡುಗನ ಮನೆಯವರು ಬಂದು ಕೇಳಿದ್ದಾರೆ, ನೋಟ್ಸ್ ಯಾಕೆ ಕೊಡುವುದಿಲ್ಲ ಅಂತ.

“ನಿಲ್ಲಿಸಿದ್ದು ಯಾರು?”

ಫ್ಯಾನು ಕಿರುಗುಟ್ಟುತ್ತಿತ್ತು. ಅದನ್ನೇ ನೋಡುತ್ತಾ ಹೇಳಿದೆ — “ಮಕ್ಕಳೇ... ಬೇಡ ಅಂದ್ರು ಸರ್.”

ಬಸ್ಸಿನಲ್ಲಿ ದೀಕ್ಷಾಳ ಪಕ್ಕ ಕೂರಲಿಲ್ಲ. ಹಿಂದೆ ಹೋಗಿ ನಿಂತೆ.

ಸೆಪ್ಟೆಂಬರ್ 19, ಭಾನುವಾರ

ಬರೆಯದೆ ತಿಂಗಳಾಯಿತು. ಇವತ್ತು ಬರೆಯಲೇಬೇಕು.

ಆಯಿಯ ಜೊತೆ ಮುರ್ಡೇಶ್ವರಕ್ಕೆ ಹೋಗಿದ್ದೆ. ಚಿಕ್ಕಮ್ಮನ ಮನೆಯಿಂದ ಬರುತ್ತಾ ಮೀನುಪೇಟೆ. ಆಯಿ ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುತ್ತಿದ್ದಳು.

“ಅಷ್ಟು ನೋಡೂಕೆ ಎಂತ, ಮಗಳಿಗೆ ಗಂಡು ನೋಡೂಕೆ ಬಂದದ್ದಾ?” ಬುಟ್ಟಿಯ ಹಿಂದಿನ ಮುದುಕಿ.

ಪಕ್ಕದವಳು ನಗುತ್ತಾ, “ಕಮಲೀ, ಇದ್ದ ಗಿರಾಕಿನೂ ಓಡಿಸ್ತೆ ನೀನು” ಅಂದಳು. ಹೆಸರು ಕೇಳಿ ತಿರುಗಿದೆ. ದೀಕ್ಷಾಳ ಅಜ್ಜಿಯಾ ಎಂದು ಕೇಳಿದೆ. ಹೌದು. ನಾನು ಅವಳ ಟೀಚರ್ ಅಂದೆ.

“ಅಕ್ಕೋರಾ! ಮೊದ್ಲೇ ಹೇಳೂದಲ್ದಾ.” ಮೇಲಿಂದ ಇನ್ನೆರಡು ಬಂಗುಡೆ ಬಿದ್ದವು.

“ನಿಮ್ಮ ಪ್ರಶ್ನೆಗೆ ನಮ್ಮ ಕ್ಲಾಸೇ ಕಾಯುತ್ತದೆ ಅಜ್ಜಿ.”

“ನಂದಾ? ಎಂತ ಪ್ರಶ್ನೆ?”

“ಅಂಬಿಗನ ಕಥೆ... ಆ ಹುಡುಗನ ತಾಯಿ ಎಂತ ಹೇಳಿದಳು ಅಂತ...”

“ಕಥೆ ಗಿತೆ ನಂಗೆ ಯಾರು ಹೇಳ್ತ್ರು ಅಕ್ಕೋರೆ? ನಮ್ಮ ಹುಡ್ಗಿ ಮನೇಲಿ ಬಾಯಿ ಬಿಡೂದು ಊಟಕ್ಕೆ ಮಾತ್ರ.” ಮೀನಿನ ನೀರು ಕೈಯಿಂದ ಕೊಡವಿದಳು. “ಯಾಕೆ, ಎಂತಾರೂ ಸುಳ್ಳು ಹೇಳ್ತದಾ?”

ಇಲ್ಲ ಇಲ್ಲ ಅಂದೆ. ನನಗೇ ತಪ್ಪು ನೆನಪು ಅಂದೆ.

ಅಷ್ಟರಲ್ಲಿ ಇನ್ನೊಂದು ಬುಟ್ಟಿ ಹೊತ್ತು ಒಬ್ಬ ಬಂದ. ಅವಳ ಮಗ ಈರ, ದೀಕ್ಷಾಳ ಅಪ್ಪ. ನಾನು ಯಾರೆಂದು ತಿಳಿದ ಕೂಡಲೇ ತಲೆಯ ಸಿಂಬೆ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಪಾಸಾತದಾ ಅಕ್ಕೋರೆ?” ಉತ್ತರಕ್ಕೆ ಕಾಯಲಿಲ್ಲ. “ದೀಪಾವಳಿ ಆದ ಮೇಲೆ ಟೆಂಪೋ ಬತ್ತದೆ. ಪಾಸಾದ್ರೆ ಓದ್ಲಿ, ನಾನು ಅಡ್ಡ ಬರೂದಿಲ್ಲ. ಇಲ್ಲಾ ಅಂದ್ರೆ ಸಾಕು. ಸುಮ್ನೆ ಆಸೆ ಹುಟ್ಸಬೇಡಿ.”

ಮನೆಗೆ ಬಂದು ಕೂತಿದ್ದೇನೆ. ಅಜ್ಜಿ ಯಾವತ್ತೂ ಏನೂ ಕೇಳಿಲ್ಲ. ಎಲ್ಲವೂ ದೀಕ್ಷಾಳವೇ. ತನ್ನದು ಅಂದರೆ ನಗುತ್ತಾರೆ ಎಂದು ಅಜ್ಜಿಯ ಬಾಯಲ್ಲಿ ಇಟ್ಟಿದ್ದಾಳೆ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಛೇಂಬರಿನಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ಲವೇ — ಮಕ್ಕಳ ಬಾಯಲ್ಲಿ.

ಸೆಪ್ಟೆಂಬರ್ 21, ಮಂಗಳವಾರ

ಮತ್ತೆ ಟೆಸ್ಟ್. ಇದೇ ಮೊದಲ ಸಲ ದೀಕ್ಷಾ ಎಲ್ಲೂ ನಿಲ್ಲದೆ ಬರೆದಳು. ಓದಿದೆ. ಚೆನ್ನಾಗಿದೆ. ಆದರೆ ಎರಡು ಸಾಲಿಗೊಮ್ಮೆ “ನಮ್ಮ ಅಜ್ಜಿ ಹೇಳುವಂತೆ”, “ಅಜ್ಜಿಯ ಪ್ರಕಾರ.”

ಪೇಪರ್ ನೋಡುವವರ ಕೈಗೆ ಇದು ಹೋದರೆ? ಯಾವ ಅಜ್ಜಿ, ಯಾವ ಪುಸ್ತಕ ಅನ್ನುತ್ತಾರೆ. ಒಂದು ಗೆರೆ ಎಳೆದು ಬಿಡುತ್ತಾರೆ.

ಬಸ್ಸಿನಲ್ಲಿ ಪಕ್ಕ ಕೂತೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡದ್ದು ಬೇರೆ. ಬಾಯಿಗೆ ಬಂದದ್ದು:

“ಭಾನುವಾರ ನಿನ್ನ ಅಜ್ಜಿ ಸಿಕ್ಕಿದ್ದರು.”

ಅವಳು ಬ್ಯಾಗನ್ನು ಎದೆಗೊತ್ತಿಕೊಂಡಳು.

“ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪರೀಕ್ಷೆ ಹಾಲಿನಲ್ಲಿ ಅಜ್ಜಿ ಇರುವುದಿಲ್ಲ ದೀಕ್ಷಾ.”

ಕಿಟಕಿಯ ಕಡೆ ತಿರುಗಿದಳು. ಕಿವಿ ಕೆಂಪಾಗಿತ್ತು. ಮಂಕಿಯಲ್ಲಿ ಬಸ್ಸು ನಿಂತದ್ದೇ ಎದ್ದು ಇಳಿದುಬಿಟ್ಟಳು. ಅವಳ ಊರು ಇನ್ನೂ ದೂರ. ಮಳೆ. ಕೊಡೆ ಬಿಚ್ಚದೆ ರಸ್ತೆ ಬದಿ ನಿಂತಿದ್ದಳು, ನನ್ನ ಬಸ್ಸು ಹೋಗಲಿ ಅಂತ.

ಸೆಪ್ಟೆಂಬರ್ 29, ಬುಧವಾರ

ದೀಕ್ಷಾ ಬಂದಿಲ್ಲ. ಅವತ್ತಿನಿಂದ ಬಂದೇ ಇಲ್ಲ.

ಜಗದೀಶ ಹೇಳಿದ: “ಕೃಷ್ಣಾನಂದ ಸರ್ ನೋಟ್ಸ್ ಜೆರಾಕ್ಸ್ ಮಾಡಿಸ್ಕೊಂಡು ಹೋದ್ಲು ಮೇಡಂ. ಮನೇಲಿ ಕೂತು ಬಾಯಿಪಾಠ ಮಾಡ್ತಾಳಂತೆ.” ಹೋಗುತ್ತಾ ತಿರುಗಿ, “ನಾವು ಎಂತಾರೂ ಅಂದ್ವಾ ಅವಳಿಗೆ?”

ನೀವಲ್ಲ, ಅಂದೆ.

ಅಕ್ಟೋಬರ್ 5, ಮಂಗಳವಾರ

ಮೀಟಿಂಗ್. ಪರೀಕ್ಷೆಗೆ ಉಳಿದ ದಿನಗಳಲ್ಲಿ ಫೇಲಾದವರ ಕ್ಲಾಸನ್ನು ಕೃಷ್ಣಾನಂದ ಸರ್ ತೆಗೆದುಕೊಳ್ಳಲಿ ಎಂದರು ಪ್ರಿನ್ಸಿಪಾಲರು. “ಮಕ್ಕಳು ನೋಟ್ಸ್ ಬೇಡ ಅಂದ್ರೆ ಕೊಡದೇ ಇರೂಕೆ ಆಗ್ತದಾ? ಅವರಿಗೆ ಎಂತ ಗೊತ್ತು?”

ಎದ್ದು ನಿಂತೆ. ನಿಲ್ಲಬೇಕಾಗಿರಲಿಲ್ಲ, ಎಲ್ಲರೂ ಕೂತೇ ಮಾತಾಡುತ್ತಾರೆ. “ನಿಲ್ಲಿಸಿದ್ದು ನಾನು ಸರ್. ಮಕ್ಕಳಲ್ಲ. ಅವತ್ತು ಸುಳ್ಳು ಹೇಳಿದ್ದೆ.”

ಯಾರೂ ನಗಲಿಲ್ಲ. ಕೃಷ್ಣಾನಂದ ಸರ್ ಕನ್ನಡಕ ತೆಗೆದು ಒರೆಸಿದರು. ಗೇಲಿಯಿಲ್ಲದೆ, ನಿಧಾನಕ್ಕೆ ಹೇಳಿದರು: “ಪೇಪರ್ ನೋಡುವವನ ಮುಂದೆ ಕಟ್ಟುಗಟ್ಟಲೆ ಬಿದ್ದಿರ್ತದೆ. ಅವನು ಪಾಯಿಂಟ್ ಹುಡುಕ್ತಾನೆ. ನಾನೂ ಹಾಗೇ ಹುಡುಕಿದವನು. ನಿಮ್ಮ ಪದ್ಧತಿ ಒಳ್ಳೇದೇ ಇರಬಹುದು. ಆದರೆ ಎಡವಟ್ಟಾದ್ರೆ ಗೋವಾಕ್ಕೆ ಹೋಗೂದು ನೀವಲ್ಲ, ಆ ಹುಡುಗಿ.”

ಕೂತೆ. ಕ್ಲಾಸು ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಯಾಕೆ ಅಂತ ಗೊತ್ತಿಲ್ಲ. ಬಹುಶಃ ಬೇರೆ ಯಾರಿಗೂ ಬೇಡವಾಗಿತ್ತು.

ಅಕ್ಟೋಬರ್ 8, ಶುಕ್ರವಾರ

ಬಂದಳು. ಹಿಂದಿನ ಬೆಂಚು. ತುಟಿ ಅಲ್ಲಾಡುತ್ತಿತ್ತು — ಮೊದಲನೆಯದಾಗಿ, ಎರಡನೆಯದಾಗಿ.

ಜಗದೀಶ ಅಭ್ಯಾಸಬಲದಿಂದ ಕೂಗಿದ, “ಕಮಲಿ ಅಜ್ಜಿ ಎಂತ ಕೇಳಿದ್ರು?”

“ಎಂತದೂ ಇಲ್ಲ.”

ನಾನು ಎಲ್ಲರಿಗೂ ಅನ್ನುವ ಹಾಗೆ ಅವಳಿಗೆ ಹೇಳಿದೆ. ನೋಟ್ಸ್ ಬೇಕಾದರೆ ಕಲಿಯಿರಿ, ತಪ್ಪಿಲ್ಲ. ಆದರೆ ಒಂದೊಂದು ಪಾಯಿಂಟಿಗೂ ಯಾಕೆ ಅಂತ ನಿಮಗೆ ನೀವೇ ಕೇಳಿಕೊಳ್ಳಿ. ಸಾಲು ಮರೆತರೆ ಸಾಲನ್ನು ಹುಡುಕಬೇಡಿ. ಹೊಳೆಗೆ ಹೋಗಿ. ದಿಬ್ಬ, ದೋಣಿ, ಆ ಹುಡುಗ — ಕಣ್ಣ ಮುಂದೆ ತಂದುಕೊಳ್ಳಿ. ಕಂಡದ್ದನ್ನು ಬರೆಯಿರಿ.

ಅವಳು ತಲೆಯೆತ್ತಲಿಲ್ಲ. ತುಟಿ ನಿಂತಿತ್ತು, ಅಷ್ಟೇ.

ಅಕ್ಟೋಬರ್ 25, ಸೋಮವಾರ. ಕುಮಟಾದಿಂದ ಬಂದು

ನನಗೂ ಇನ್ವಿಜಿಲೇಶನ್ ಡ್ಯೂಟಿ. ನನ್ನ ಕೋಣೆ ಬೇರೆ, ಅವರದು ಕಾರಿಡಾರಿನ ಆಚೆ. ಪ್ರಶ್ನೆಪತ್ರಿಕೆ ಹಂಚುವಾಗ ಕಣ್ಣಿಗೆ ಬಿತ್ತು: ಅಂಬಿಗನ ತ್ಯಾಗವನ್ನು ಕುರಿತು ಬರೆಯಿರಿ.

ನನ್ನ ಬದಲಿಗೆ ನಿಲ್ಲಲು ರಿಲೀವರ್ ಬಂದಾಗ ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ. ಅವರ ಕೋಣೆಯ ಕಿಟಕಿ ತೆರೆದಿತ್ತು. ಜಗದೀಶ ಮೇಜಿನ ಮೇಲೆ ಬಗ್ಗಿ ಬರೆಯುತ್ತಿದ್ದ, ಒಂದೇ ಉಸಿರಿನಲ್ಲಿ. ದೀಕ್ಷಾ ಬರೆಯುತ್ತಿರಲಿಲ್ಲ. ಪೆನ್ನನ್ನು ಕಾಗದದ ಮೇಲೆ ಎತ್ತಿ ಹಿಡಿದಿದ್ದಳು. ಅವತ್ತಿನ ಹಾಗೇ. ಜುಲೈ ತಿಂಗಳಿನದೇ ಕೈ.

ಒಳಗೆ ಹೋಗುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಅವಳು ಪೆನ್ನು ಕೆಳಗಿಟ್ಟಳು. ಮುಗಿಯಿತು ಅಂದುಕೊಂಡೆ. ಕಣ್ಣು ಮುಚ್ಚಿದಳು. ರಿಲೀವರ್ ಕರೆದರು. ಹೋದೆ.

ಮುಗಿದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಹತ್ತಿರ ಬಂದಳು. ಒಂದು ತಿಂಗಳ ಮೇಲೆ.

“ಮೂರನೇ ಪಾಯಿಂಟೇ ಬಿಟ್ಹೋತು ಮೇಡಂ.”

“ಮತ್ತೆ?”

“ಹೊಳೆಗೆ ಹೋದೆ.” ಚಪ್ಪಲಿಯ ತುದಿ ನೋಡುತ್ತಿದ್ದಳು. “ಆ ತಾಯಿ ಕಂಡ್ಲು. ಅವಳು ಎಂತ ಹೇಳಿರಬಹುದು ಅಂತ ಬರ್ದೆ. ‘ನನಗೆ ಅನಿಸುತ್ತದೆ’ ಅಂತಲೇ ಬರ್ದೆ. ಅಜ್ಜಿ ಇರ್ಲಿಲ್ವಲ್ಲ.” ತಲೆಯೆತ್ತಿದಳು. “ಅದಕ್ಕೆ ಮಾರ್ಕ್ಸ್ ಕೊಡ್ತ್ರಾ ಮೇಡಂ?”

ಗೊತ್ತಿಲ್ಲ ಅಂದೆ. ನಿಜವನ್ನೇ ಹೇಳಿದೆ.

ನವೆಂಬರ್ 13, ಶನಿವಾರ

ಟೆಂಪೋ ನಿನ್ನೆ ಹೋಯಿತಂತೆ. ದೀಕ್ಷಾಳೂ. ರಿಸಲ್ಟ್ ಬರುವವರೆಗೆ ಮನೆಯಲ್ಲಿ ಕೂತು ಎಂತ ಮಾಡುವುದು ಅಂದನಂತೆ ಅಪ್ಪ. ಪಾಸಾದರೆ ಕರೆಸುತ್ತೇನೆ ಅಂತ ಮಾತು ಕೊಟ್ಟಿದ್ದಾನಂತೆ. ಕೊಟ್ಟ ಮಾತು. ಇಲ್ಲಿಂದ ಹೋದವರು ಯಾರು ತಿರುಗಿ ಬಂದು ಕಾಲೇಜಿಗೆ ಸೇರಿದ್ದಾರೆ?

ಕೃಷ್ಣಾನಂದ ಸರ್ ಕಾರಿಡಾರಿನಲ್ಲಿ ಎದುರಾದರು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 20, ಸೋಮವಾರ

ರಿಸಲ್ಟ್ ಹಚ್ಚಿದ್ದಾರೆ. ಗುಂಪು ಕರಗುವವರೆಗೆ ಸ್ಟಾಫ್ ರೂಮಿನಲ್ಲೇ ಕೂತಿದ್ದೆ. ಆಮೇಲೆ ಹೋದೆ. ಬೆರಳಿಟ್ಟು ನೋಡಿದೆ.

ದೀಕ್ಷಾ ಪಾಸ್. ದೊಡ್ಡ ಅಂಕವೇನಲ್ಲ, ದಾಟಿದ್ದಾಳೆ. ಆ ಉತ್ತರದಿಂದ ದಾಟಿದಳೋ, ಆ ಉತ್ತರ ಬರೆದರೂ ದಾಟಿದಳೋ, ಯಾರಿಗೆ ಗೊತ್ತು.

ಜಗದೀಶ ಇಲ್ಲ.

ಮತ್ತೆ ನೋಡಿದೆ. ಇಲ್ಲ. ಹಿಂದೆಯೇ ನಿಂತಿದ್ದ. “ಅಂಬಿಗನ ಪ್ರಶ್ನೆ ಚೊಲೋ ಬರ್ದಿದ್ದೆ ಮೇಡಂ. ಬರೀತಾ ಬರೀತಾ ಉಳಿದದ್ದಕ್ಕೆ ಟೈಮೇ ಉಳೀಲಿಲ್ಲ.” ನಗಲು ನೋಡಿದ. “ಏಪ್ರಿಲ್ ಅದೆಯಲ್ಲ.” ಯೋಚಿಸಲು ಕಲಿಸಿದೆ, ಗಡಿಯಾರ ನೋಡಲು ಕಲಿಸಲಿಲ್ಲ. ನಾಳೆಯಿಂದ ಅವನ ಜೊತೆ ಕೂರಬೇಕು, ಕೈಗಡಿಯಾರ ಮೇಜಿನ ಮೇಲಿಟ್ಟು.

ಗೇಟಿನ ಹತ್ತಿರ ಖಾಲಿ ಬುಟ್ಟಿ, ಪಕ್ಕದಲ್ಲಿ ಕಮಲಿ ಅಜ್ಜಿ. ಮೀನು ಮುಗಿಸಿ ಬಸ್ಸು ಹತ್ತಿ ಬಂದಿದ್ದಾಳೆ. ಒಳಗೆ ಬರಲು ಸಂಕೋಚ.

“ಪಾಸು ಅಜ್ಜಿ.”

ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರನ್ನೋ ಏನನ್ನೋ. “ಈರ ಮಾತು ಕೊಟ್ಟಿದ್ದಾನೆ. ಕರ್ಕೊಂಡು ಬರೂಕೆ ನಾನೇ ಹೋತೆ. ನನ್ನ ತಡಿಯೂಕೆ ಅವಂಗೆ ಆಗೂದಿಲ್ಲ.” ಬುಟ್ಟಿ ಎತ್ತಿಕೊಂಡಳು. ಮತ್ತೆ ಇಳಿಸಿದಳು.

“ಅಕ್ಕೋರೆ, ಹೋಗೂ ಮುಂಚಿನ ದಿನ ಹುಡ್ಗಿ ಒಂದು ಕಥೆ ಹೇಳ್ತು ನಂಗೆ. ದೋಣಿ ಕಥೆ. ಮೊದ್ಲನೇ ಸಲ ಬಾಯಿ ಬಿಟ್ಟಿದ್ದು. ಅವತ್ತಿಂದ ಒಂದು ತಲೇಲಿ ಕೂತದೆ. ಯಾರ ಹತ್ರ ಕೇಳೂದು?”

“ಏನು ಅಜ್ಜಿ?”

“ದೋಣಿಲಿ ಕೂತಿದ್ರಲ್ಲ, ಆ ಪರವೂರಿನವರು. ಹುಡುಗ ದಿಬ್ಬದ ಮೇಲೆ ಒಬ್ನೇ ನಿಂತದ್ದು ಅವರಿಗೂ ಕಂಡಿರ್ತದೆ ಅಲ್ದಾ? ಒಬ್ಬರಾದ್ರೂ ನಾನು ಇಳಿತೆ, ಅವನು ಹತ್ತಲಿ ಅಂದ್ರಾ?”

ಹೊನ್ನಾವರದ ಬಿಸಿಲು. ರಸ್ತೆಯಲ್ಲಿ ಲಾರಿ ಸಾಲು. ಪುಸ್ತಕ ಹೀಗೆ ಹೇಳುತ್ತದೆ ಅನ್ನಬಹುದಿತ್ತು. ಸರ್‌ಗಳನ್ನು ಕೇಳಿ ಹೇಳುತ್ತೇನೆ ಅನ್ನಬಹುದಿತ್ತು. ಅವಳು ಕಾಯುತ್ತಿದ್ದಳು. ಅವಳ ಕಣ್ಣನ್ನೇ ನೋಡಿ ಹೇಳಿದೆ — ಅಜ್ಜಿ, ನನಗೆ ಅನಿಸುವುದು, ಬೇರೆ ಯಾರಾದರೂ ಅನ್ನಲಿ ಅಂತ ಎಲ್ಲರೂ ಕಾದರು.